ಉಸಿರಿಗೆ ಊರು ಕೇರಿಯಿಲ್ಲ

ಮನುಷ್ಯನು ಹುಟ್ಟಿದೊಡನೆ ಮಾಡುವ ಮೊದಲ ಕೆಲಸ ಉಸಿರನ್ನು ಒಳಕ್ಕೆ ಎಳೆದುಕೊಳ್ಳುವುದು. ಬಾಳಿನ ಕೊನೆಯಲ್ಲಿ ಮಾಡುವ ಕೆಲಸ ಅದನ್ನು ಹೊರಕ್ಕೆ ಬಿಡುವುದು. ಇವೆರಡರ ನಡುವೆ ಹಗಲಿರುಳೂ ನಡೆಯುವ ಈ ವ್ಯಾಪಾರವನ್ನು ನಾವು ಗಮನಿಸುವುದೇ ಇಲ್ಲ. ಆದರೆ ಕನ್ನಡದ ಆಡುಮಾತು ಅದನ್ನು ಚೆನ್ನಾಗಿ ಗಮನಿಸಿದೆ. ದುಃಖಿತನು ನಿಟ್ಟುಸಿರಿಡುತ್ತಾನೆ, ದಣಿದವನು ಏದುಸಿರು ಬಿಡುತ್ತಾನೆ, ಹೆದರಿದವನು ಉಸಿರು ಬಿಗಿಹಿಡಿಯುತ್ತಾನೆ, ಕೋಪಗೊಂಡವನು ಬುಸುಗುಟ್ಟುತ್ತಾನೆ, ಆಪತ್ತು ಕಳೆದಾಗ ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಮನಸ್ಸಿನ ಒಂದೊಂದು ಸ್ಥಿತಿಗೂ ಒಂದೊಂದು ಬಗೆಯ ಉಸಿರಾಟವಿದೆ ಎಂಬುದನ್ನು ನಮ್ಮ ಹಿರಿಯರು ಅನುಭವದಿಂದಲೇ ಕಂಡುಕೊಂಡಿದ್ದರು.

ಮನಸ್ಸು ಕದಡಿದರೆ ಉಸಿರು ಕದಡುತ್ತದೆ. ಹಾಗಾದರೆ ಉಸಿರನ್ನು ತಿಳಿಯಾಗಿಸಿ ಮನಸ್ಸನ್ನು ತಿಳಿಯಾಗಿಸಲು ಸಾಧ್ಯವೇ? ಈ ಪ್ರಶ್ನೆಯನ್ನು ಹಿಡಿದು ಬಹುದೂರ ನಡೆದವರು ಭಾರತದ ಯೋಗಿಗಳು. ಅವರ ಅರಿವನ್ನು ಪತಂಜಲಿ ಮಹರ್ಷಿಯು ನಾಲ್ಕು ಪಾದಗಳ, ಸುಮಾರು ಇನ್ನೂರು ಸೂತ್ರಗಳ ಒಂದು ಸಣ್ಣ ಗ್ರಂಥದಲ್ಲಿ ಅಡಕಗೊಳಿಸಿದನು. ಅಲೆಯೆದ್ದ ಕೊಳದಲ್ಲಿ ತಳ ಕಾಣದು. ಅಲೆ ನಿಂತಾಗ ಕಾಣುತ್ತದೆ. ಮನಸ್ಸಿನ ಅಲೆಗಳನ್ನು ನಿಲ್ಲಿಸುವ ಸಾಧನೆಯೇ ಯೋಗವೆಂಬುದು ಅವನ ನಿಲುವು.

ಈ ಸಾಧನೆಗೆ ಎಂಟು ಅಂಗಗಳಿವೆ. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ ಎಂಬುವೇ ಅವು. ಮೊದಲನೆಯದಾದ ಯಮದಲ್ಲಿ ಬರುವುದು ಅಹಿಂಸೆ, ಸತ್ಯ, ಪರರ ವಸ್ತುವಿಗೆ ಆಸೆಪಡದಿರುವುದು ಮುಂತಾದ ನಡತೆಯ ನಿಯಮಗಳು. ಮೈಯನ್ನು ಬಗ್ಗಿಸುವ ಮೊದಲು ಬಾಳನ್ನು ನೆಟ್ಟಗೆ ಮಾಡಿಕೊಳ್ಳಬೇಕೆಂಬುದು ಇದರ ಇಂಗಿತ. ಇಂದು ಯೋಗವೆಂದೊಡನೆ ಕಣ್ಣಿಗೆ ಕಟ್ಟುವ ಆಸನಗಳ ಬಗ್ಗೆ ಪತಂಜಲಿ ಹೇಳಿರುವುದು ಮೂರೇ ಸೂತ್ರಗಳಲ್ಲಿ. ಕುಳಿತ ಭಂಗಿ ಅಲುಗದಂತೆಯೂ ಹಿತವಾಗಿಯೂ ಇರಬೇಕೆಂಬುದೇ ಅವುಗಳ ಸಾರ. ಸಾಧಕನಿಗೆ ಒದಗಬಹುದಾದ ಅದ್ಭುತ ಶಕ್ತಿಗಳನ್ನು ಆತ ಹೆಸರಿಸಿದರೂ, ಅವು ಸಮಾಧಿಗೆ ಅಡ್ಡಿಯೆಂದು ಎಚ್ಚರಿಸಲು ಮರೆಯಲಿಲ್ಲ.

ಯೋಗದ ಗುರಿಯನ್ನು ಆತ್ಮಸಾಕ್ಷಾತ್ಕಾರವೆಂದು ಕರೆಯುತ್ತಾರೆ. ಪದ ದೊಡ್ಡದು, ಆದರೆ ಅದರ ಬಾಗಿಲು ಚಿಕ್ಕದು. ಕಠೋಪನಿಷತ್ತು ಅದನ್ನು ಒಂದು ರಥದ ಚಿತ್ರದಿಂದ ವಿವರಿಸುತ್ತದೆ. ಶರೀರವು ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ. ಒಳಗೆ ಕುಳಿತಿರುವ ಒಡೆಯನೇ ಆತ್ಮ. ಕುದುರೆಗಳು ಎಳೆದತ್ತ ರಥ ಓಡಿದರೆ ಒಡೆಯನು ಊರು ಸೇರಲಾರನು. ಕನ್ನಡದಲ್ಲಿ ನಾವು ‘ನನಗೆ ಸಿಟ್ಟು ಬಂತು’ ಎನ್ನುತ್ತೇವೆ. ಈ ಮಾತಿನಲ್ಲಿಯೇ ತತ್ತ್ವವೊಂದು ಅಡಗಿದೆ. ಸಿಟ್ಟು ಎಲ್ಲಿಂದಲೋ ಬಂದ ನೆಂಟ, ಬಂದದ್ದು ಹೋಗಲೇಬೇಕು. ಅದು ಬಂದುದನ್ನೂ ಹೋದುದನ್ನೂ ಕಂಡವನು ಯಾರು? ಆ ಕಾಣುವವನನ್ನು ಅರಿಯುವ ಪ್ರಯತ್ನವೇ ಆತ್ಮಸಾಧನೆಯ ಮೊದಲ ಹೆಜ್ಜೆ.

ಕಾಲಾಂತರದಲ್ಲಿ ಹಠಯೋಗಿಗಳು ಶರೀರವನ್ನೇ ಸಾಧನೆಯ ಕ್ಷೇತ್ರವನ್ನಾಗಿ ಮಾಡಿಕೊಂಡರು. ಉಸಿರಿನ ಮೂಲಕ ದೇಹದಲ್ಲಿ ಸಂಚರಿಸುವ ಚೈತನ್ಯವನ್ನು ಅವರು ಪ್ರಾಣವೆಂದರು. ಅದು ಹರಿಯುವ ದಾರಿಗಳು ನಾಡಿಗಳು. ಬೆನ್ನುಹುರಿಯ ಉದ್ದಕ್ಕೂ ಅದು ನೆಲೆಗೊಳ್ಳುವ ತಾಣಗಳು ಚಕ್ರಗಳು. ಇಡಾ, ಪಿಂಗಳಾ, ಸುಷುಮ್ನಾ ಎಂಬ ಹೆಸರುಗಳು ನಮ್ಮ ಶಿವಶರಣರ ಮತ್ತು ತತ್ತ್ವಪದಕಾರರ ಹಾಡುಗಳಲ್ಲಿಯೂ ಕಾಣಸಿಗುತ್ತವೆ. ವೈದ್ಯನು ದೇಹವನ್ನು ತೆರೆದು ನೋಡಿದರೆ ಈ ಚಕ್ರಗಳು ಕೈಗೆ ಸಿಗುವುದಿಲ್ಲ. ಅವನ್ನು ಅಂಗರಚನೆಯ ಪಟವೆಂದು ತಿಳಿಯದೆ, ಗಮನವನ್ನು ಎಲ್ಲಿಂದ ಎಲ್ಲಿಗೆ ಒಯ್ಯಬೇಕೆಂದು ಸಾಧಕನಿಗೆ ತೋರಿಸುವ ಒಳದಾರಿಯ ಪಟವೆಂದು ತಿಳಿಯುವುದು ಉಚಿತ.

ಉಸಿರಿನ ವಿಷಯದಲ್ಲಿ ಮಾತ್ರ ಶರೀರವಿಜ್ಞಾನವು ಯೋಗಿಯ ಜೊತೆಗೆ ಸ್ವಲ್ಪ ದೂರ ನಡೆಯಬಲ್ಲದು. ಹೃದಯದ ಬಡಿತ, ಜೀರ್ಣಕ್ರಿಯೆ ಮೊದಲಾದವು ನಮ್ಮ ಅಪ್ಪಣೆಗೆ ಕಾಯದೆ ನಡೆಯುತ್ತವೆ. ಉಸಿರಾಟವೂ ಹಾಗೆಯೇ ತಾನಾಗಿ ನಡೆಯುತ್ತದೆ; ಆದರೆ ಬೇಕೆಂದಾಗ ಅದನ್ನು ನಾವು ನಿಧಾನಗೊಳಿಸಬಲ್ಲೆವು. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಬಾರಿ ಉಸಿರಾಡುತ್ತಾನೆ. ಒಳಕ್ಕೆ ಎಳೆದುಕೊಂಡಾಗ ಎದೆಬಡಿತ ತುಸು ಚುರುಕಾಗುತ್ತದೆ. ಹೊರಕ್ಕೆ ಬಿಟ್ಟಾಗ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೂ ಉದರಕ್ಕೂ ಇಳಿದುಬರುವ ವೇಗಸ್ ಎಂಬ ನರವು ಈ ನಿಧಾನಕ್ಕೆ ಮುಖ್ಯ ಕಾರಣ. ವಪೆಯನ್ನು ಬಳಸಿ ದೀರ್ಘವಾಗಿ ಉಸಿರು ಬಿಡುವವನ ಮೈ ಸಡಿಲಗೊಳ್ಳುವುದು ಮಂತ್ರದಿಂದಲ್ಲ, ಈ ವ್ಯವಸ್ಥೆಯಿಂದ.

ಯೋಗದ ಈ ಪ್ರಾಚೀನ ವಿದ್ಯೆಗೆ ಹೊಸ ಕಾಲದಲ್ಲಿ ಹೊಸ ರೂಪ ಕೊಟ್ಟ ಊರುಗಳಲ್ಲಿ ಮೈಸೂರು ಅಗ್ರಗಣ್ಯವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಗ್ರಂಥದಲ್ಲಿಯೇ 122 ಆಸನಗಳ ಚಿತ್ರಗಳಿವೆ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದನ್ನು ತೆರೆಸಿ, ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರನ್ನು ಗುರುಗಳನ್ನಾಗಿ ನೇಮಿಸಿದರು. ಆಚಾರ್ಯರು ಕನ್ನಡದಲ್ಲಿಯೇ ‘ಯೋಗಮಕರಂದ’ವನ್ನು ಬರೆದರು. ಆ ಶಾಲೆಯಲ್ಲಿ ಕಲಿತವರಲ್ಲಿ ಅರಸು ಮನೆತನದ ಬಾಲಕರು ಹೆಚ್ಚು.

ಅದೇ ಆಚಾರ್ಯರ ಬಳಿಗೆ 1934ರಲ್ಲಿ ಬೆಳ್ಳೂರಿನ ಒಬ್ಬ ಕೃಶ ಬಾಲಕನು ಬಂದನು. ಕ್ಷಯ, ಮಲೇರಿಯಾ, ವಿಷಮಶೀತಜ್ವರಗಳಿಂದ ನರಳಿದ್ದ ಅವನು ಆಚಾರ್ಯರ ಪತ್ನಿಯ ತಮ್ಮ. ಮುಂದೆ ಪುಣೆಯಲ್ಲಿ ನೆಲೆಸಿ ಲೋಕವಿಖ್ಯಾತರಾದ ಬಿ. ಕೆ. ಎಸ್. ಅಯ್ಯಂಗಾರ್ ಅವರೇ ಆ ಬಾಲಕ. ಹಾಸನದ ಬಳಿಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಇನ್ನೊಬ್ಬ ಶಿಷ್ಯರು. ಅವರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸಿದರು. ಲಕ್ಷ್ಮೀಪುರದ ತಮ್ಮ ಮನೆಯಲ್ಲಿ ಪರದೇಶಗಳಿಂದ ಬಂದವರಿಗೂ ಪಾಠ ಹೇಳಿದರು. ರೀಗಾ ನಗರದಲ್ಲಿ ಹುಟ್ಟಿದ ಇಂದ್ರಾದೇವಿ ಎಂಬ ಮಹಿಳೆ ಬಂದಾಗ ಆಚಾರ್ಯರು ಮೊದಲು ಒಪ್ಪಲಿಲ್ಲ. ಹೆಂಗಸಿಗೆ, ಅದರಲ್ಲೂ ಪರದೇಶದವಳಿಗೆ, ಕಲಿಸುವುದು ಅವರಿಗೆ ಇಷ್ಟವಿರಲಿಲ್ಲ. ಮಹಾರಾಜರ ಮಾತಿನ ಮೇಲೆ ಸೇರಿಸಿಕೊಂಡರು. ಅವಳ ಶ್ರದ್ಧೆಯನ್ನು ಕಂಡ ಮೇಲೆ, ಇತರರಿಗೆ ಕಲಿಸಲು ತಾವೇ ಅಪ್ಪಣೆ ಕೊಟ್ಟರು. ಮುಚ್ಚಿದ್ದ ಒಂದು ಬಾಗಿಲು ಹೀಗೆ ತೆರೆಯಿತು.

ಮೈಸೂರಿನ ಯೋಗಶಾಲೆಯ ಇನ್ನೊಂದು ಪ್ರಸಂಗವೂ ಸ್ಮರಣೀಯ. 1935ರ ಸುಮಾರಿಗೆ ಭಾರತಕ್ಕೆ ಬಂದ ತೆರೇಸ್ ಬ್ರಾಸ್ ಎಂಬ ಫ್ರೆಂಚ್ ವೈದ್ಯೆಯು ಹೃದಯದ ವಿದ್ಯುತ್ತನ್ನು ದಾಖಲಿಸುವ ಯಂತ್ರದಿಂದ ಕೃಷ್ಣಮಾಚಾರ್ಯರನ್ನು ಪರೀಕ್ಷಿಸಿದಳು. ಯೋಗಿಗಳು ಎದೆಬಡಿತವನ್ನೇ ನಿಲ್ಲಿಸಬಲ್ಲರೆಂಬ ಸುದ್ದಿ ಹಬ್ಬಿತು. 1961ರಲ್ಲಿ ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಕೆಲವು ಯೋಗಿಗಳನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಿ ತಮ್ಮ ವರದಿಯನ್ನು ಪ್ರಕಟಿಸಿದರು. ಉಸಿರು ಕಟ್ಟಿ ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಹಿಂದಿರುಗುವ ರಕ್ತ ಕಡಿಮೆಯಾಗುತ್ತದೆ. ಆಗ ಮುಂಗೈಯ ನಾಡಿ ಬೆರಳಿಗೆ ಸಿಗದು, ಎದೆಯ ಸದ್ದು ಕಿವಿಗೆ ಕೇಳದು. ಆದರೆ ಯಂತ್ರದ ಕಾಗದದ ಮೇಲೆ ಹೃದಯದ ಬಡಿತ ನಿಲ್ಲದೆ ಮೂಡುತ್ತಲೇ ಇತ್ತು. ಇದರಿಂದ ಯೋಗಕ್ಕೆ ಕುಂದು ಬಂದಿತೆಂದು ತಿಳಿಯಬೇಕಾಗಿಲ್ಲ. ಬಿದ್ದುಹೋದದ್ದು ಪವಾಡದ ಕಥೆ ಮಾತ್ರ. ಸತ್ಯವನ್ನು ಯಮದಲ್ಲಿಯೇ ಇರಿಸಿದ ಶಾಸ್ತ್ರವು ಸತ್ಯಶೋಧನೆಗೆ ಅಂಜಬೇಕಾದುದೇನಿದೆ?

ಜಗನ್ಮೋಹನ ಅರಮನೆಯಿಂದ ದಕ್ಷಿಣಕ್ಕೆ ನಡೆದರೆ ಅಶೋಕಪುರಂ ಸಿಗುತ್ತದೆ. ಹಿಂದೆ ಆದಿಕರ್ನಾಟಕಪುರವೆಂದು ಕರೆಯುತ್ತಿದ್ದ ಈ ಬಡಾವಣೆಯು ಶ್ರಮಜೀವಿಗಳ ನೆಲೆ; 1924ರಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರವಿರುವುದು ಇಲ್ಲಿಯೇ. ಕಾಲ್ನಡಿಗೆಯಲ್ಲಿ ಹೋಗಬಹುದಾದಷ್ಟೇ ದೂರವಾದರೂ, ಆ ಕಾಲದ ಸಮಾಜದಲ್ಲಿ ಅರಮನೆಗೂ ಈ ಕೇರಿಗೂ ನಡುವೆ ಇದ್ದ ಅಂತರ ಸಣ್ಣದಾಗಿರಲಿಲ್ಲ. ಎಲ್ಲ ಜೀವಿಗಳಲ್ಲಿಯೂ ಆತ್ಮ ಒಂದೇ ಎಂದು ಶಾಸ್ತ್ರ ಸಾರುತ್ತಿದ್ದ ನಾಡಿನಲ್ಲಿಯೇ ಅಸ್ಪೃಶ್ಯತೆ ಬೇರೂರಿತ್ತು. ಕೆರೆಯ ನೀರೂ ಗುಡಿಯ ಬಾಗಿಲೂ ಅನೇಕರಿಗೆ ಎಟುಕದಾಗಿದ್ದವು. ಪಕ್ಕದ ಮನುಷ್ಯನನ್ನು ಮುಟ್ಟಲು ಹಿಂಜರಿಯುವವನು ಎಷ್ಟು ಗಳಿಗೆ ಕಣ್ಮುಚ್ಚಿ ಕುಳಿತರೂ ಆತ್ಮವನ್ನು ಹೇಗೆ ಮುಟ್ಟಿಯಾನು?

ಬಾಗಿಲು ಮುಚ್ಚಿದ್ದ ಮಾತ್ರಕ್ಕೆ ಒಳದಾರಿ ಮುಚ್ಚಿರಲಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ದೇಹವನ್ನೇ ದೇಗುಲವೆಂದು ಕಂಡು, ಗುಡಿಯ ಹೊರಗೆ ನಿಂತವನೂ ದೇವರ ಸನ್ನಿಧಿಯಲ್ಲಿಯೇ ಇದ್ದಾನೆಂದು ತೋರಿಸಿದರು. ಮೈಸೂರು, ಮಂಡ್ಯ, ಚಾಮರಾಜನಗರದ ಸೀಮೆಗಳಲ್ಲಿ ಮಂಟೇಸ್ವಾಮಿ ಮತ್ತು ಸಿದ್ದಪ್ಪಾಜಿಯವರ ಪರಂಪರೆ ಇಂದಿಗೂ ಜೀವಂತವಾಗಿದೆ. ತಂಬೂರಿ ಹಿಡಿದು ಇರುಳಿಡೀ ಆ ಮಹಿಮರ ಕಥೆಯನ್ನು ಹಾಡುವ ನೀಲಗಾರರಿಗೆ ಉಸಿರಿನ ಹಿಡಿತವನ್ನು ಯಾವ ಗ್ರಂಥವೂ ಕಲಿಸಬೇಕಾಗಿಲ್ಲ. ಒಕ್ಕಲು ಮಕ್ಕಳೂ ಕೇರಿಯ ಮಕ್ಕಳೂ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಒಂದಾಗಿ ಸೇರುತ್ತಾರೆ.

ಅಶೋಕಪುರಂ ಎಂಬ ಹೆಸರು ಇನ್ನೊಂದು ದಾರಿಯತ್ತ ಬೆರಳು ತೋರಿಸುತ್ತದೆ. ಯುದ್ಧವನ್ನು ತೊರೆದು ಧರ್ಮವನ್ನು ಹಿಡಿದ ಚಕ್ರವರ್ತಿಯ ಹೆಸರು ಅದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಡನೆ ಬುದ್ಧನ ಧರ್ಮವನ್ನು ಸ್ವೀಕರಿಸಿದರು. ಅಂಬೇಡ್ಕರರ ವಿಚಾರಗಳನ್ನು ಆದರದಿಂದ ಬರಮಾಡಿಕೊಂಡ ಈ ಬಡಾವಣೆಯಲ್ಲಿ ಅವರ ಹೆಸರಿನ ಉದ್ಯಾನವಿದೆ. ಬುದ್ಧನು ಬೋಧಿಸಿದ ಧ್ಯಾನಗಳಲ್ಲಿ ಆನಾಪಾನಸತಿ ಮುಖ್ಯವಾದುದು. ಉಸಿರನ್ನು ಹಿಡಿಯಬೇಕಾಗಿಲ್ಲ, ತಿದ್ದಬೇಕಾಗಿಲ್ಲ. ಒಳಗೆ ಬರುವುದನ್ನು ಬರುತ್ತಿದೆಯೆಂದೂ ಹೊರಗೆ ಹೋಗುವುದನ್ನು ಹೋಗುತ್ತಿದೆಯೆಂದೂ ಅರಿಯುತ್ತಿದ್ದರೆ ಸಾಕು. ಉಪನಿಷತ್ತು ಒಳಗೆ ಶಾಶ್ವತವಾದ ಆತ್ಮವಿದೆ ಎನ್ನುತ್ತದೆ. ಬುದ್ಧನು ಶಾಶ್ವತವಾದ ಆತ್ಮವಿಲ್ಲವೆನ್ನುತ್ತಾನೆ. ಈ ಭೇದ ಚಿಕ್ಕದಲ್ಲ. ಆದರೂ ಇಬ್ಬರೂ ಅನ್ವೇಷಕನನ್ನು ಕೂರಿಸುವ ಮೊದಲ ಮೆಟ್ಟಿಲು ಉಸಿರೇ ಆಗಿರುವುದು ಅರ್ಥಪೂರ್ಣವಾಗಿದೆ.

ಈ ಮೊದಲ ಮೆಟ್ಟಿಲಿಗೆ ಹಣ ಬೇಡ, ಮಠ ಬೇಡ, ವಿಶೇಷ ವೇಷ ಬೇಡ. ಬೆನ್ನು ನೆಟ್ಟಗಿರಿಸಿ ಹಿತವಾಗಿ ಕುಳಿತು, ಮೂಗಿನ ಹೊಳ್ಳೆಯ ಬಳಿ ಸುಳಿಯುವ ಉಸಿರನ್ನು ಹತ್ತರವರೆಗೆ ಎಣಿಸುವುದು ಯಾರಿಗೂ ಸಾಧ್ಯ. ಮೂರು ನಾಲ್ಕು ಎಣಿಸುವಷ್ಟರಲ್ಲಿ ಮನಸ್ಸು ಪರೀಕ್ಷೆಯತ್ತಲೋ ಆಟದತ್ತಲೋ ಓಡಿಬಿಡುತ್ತದೆ. ಓಡಿದೆಯೆಂದು ತಿಳಿದ ಗಳಿಗೆಯಲ್ಲಿ ಬೇಸರಿಸದೆ ಅದನ್ನು ಮರಳಿ ಕರೆತರುವುದೇ ಅಭ್ಯಾಸ. ಉಸಿರನ್ನು ಬಹುಹೊತ್ತು ಕಟ್ಟುವ ಕುಂಭಕವಾಗಲಿ, ಕಠಿಣವಾದ ಆಸನಗಳಾಗಲಿ ಬಲ್ಲವರ ನೆರವಿಲ್ಲದೆ ಮಾಡತಕ್ಕವಲ್ಲ. ಯೋಗವು ಔಷಧಕ್ಕೆ ಬದಲಿಯೂ ಅಲ್ಲ. ಕಾಯಿಲೆ ಬಂದಾಗ ವೈದ್ಯರನ್ನು ಕಾಣುವುದೇ ವಿವೇಕ.

2017ರ ಜೂನ್ 21ರ ಅಂತಾರಾಷ್ಟ್ರೀಯ ಯೋಗದಿನದಂದು ಮೈಸೂರಿನಲ್ಲಿ 55,506 ಜನ ಒಂದೇ ಕಡೆ ಸೇರಿ ಯೋಗಾಭ್ಯಾಸ ಮಾಡಿ ವಿಶ್ವದಾಖಲೆ ನಿರ್ಮಿಸಿದರು. ಸಾಲಿನಲ್ಲಿ ಯಾರ ಪಕ್ಕ ಯಾರು ನಿಂತರೆಂದು ಅಂದು ಯಾರೂ ಕೇಳಲಿಲ್ಲ. ಅಷ್ಟು ಜನ ಬಿಟ್ಟ ಉಸಿರು ಅದೇ ಬಯಲಿನ ಗಾಳಿಯಲ್ಲಿ ಬೆರೆಯಿತು. ಬೆರೆತ ಗಾಳಿಯನ್ನೇ ಎಲ್ಲರೂ ಮತ್ತೆ ಒಳಕ್ಕೆ ಎಳೆದುಕೊಂಡರು. ಅರಮನೆಯ ಅಂಗಳದಲ್ಲಿ ಸುಳಿದ ಗಾಳಿಯೇ ಅಶೋಕಪುರಂನ ಬೀದಿಯಲ್ಲಿಯೂ ಸುಳಿಯುತ್ತದೆ. ನೀರನ್ನು ಬೇರ್ಪಡಿಸಲು ಮನುಷ್ಯನು ಬಾವಿಗಳನ್ನು ತೋಡಿದನು. ದೇವರನ್ನು ಬೇರ್ಪಡಿಸಲು ಗೋಡೆಗಳನ್ನು ಕಟ್ಟಿದನು. ಗಾಳಿಯನ್ನು ಬೇರ್ಪಡಿಸಲು ಮಾತ್ರ ಅವನಿಂದಾಗಲಿಲ್ಲ. ತನ್ನ ಉಸಿರನ್ನು ಗಮನಿಸಲು ಕಲಿತವನು ಎಂದಾದರೊಂದು ದಿನ ಇದನ್ನೂ ಗಮನಿಸುತ್ತಾನೆ. ಅವನ ಸಾಧನೆ ಎಷ್ಟು ದೂರ ನಡೆದಿದೆ ಎಂಬುದನ್ನು ಅವನ ಆಸನದಿಂದಲ್ಲ, ಆಮೇಲೆ ಅವನು ನೆರೆಯವನೊಡನೆ ನಡೆದುಕೊಳ್ಳುವ ರೀತಿಯಿಂದ ಅಳೆಯಬೇಕು.