ಕೊನೆಯ ಮೂರು ವಿಕೆಟ್‌ಗಳ ಲೆಕ್ಕ

2024ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವಿರುದ್ಧದ ರಣಜಿ ಪಂದ್ಯ ಗೆಲ್ಲಲು ಕರ್ನಾಟಕಕ್ಕೆ ಬೇಕಿದ್ದುದು ಬರೀ 110 ರನ್. ಒಂದೂ ವಿಕೆಟ್ ಬೀಳದೆ 50 ಬಂದಾಗಿತ್ತು. ಅಲ್ಲಿಂದ ಎಡಗೈ ಸ್ಪಿನ್ನರ್ ಸಿದ್ಧಾರ್ಥ್ ದೇಸಾಯಿ ಒಂದು ತುದಿಯಿಂದ ಬಿಡದೆ ಕಾಡಿದರು. 42 ರನ್ನಿಗೆ 7 ವಿಕೆಟ್. ಕರ್ನಾಟಕ 103ಕ್ಕೆ ಆಲೌಟ್, 6 ರನ್ನಿನ ಸೋಲು.

ಮೂರು ವಾರ ಕಳೆಯುವಷ್ಟರಲ್ಲಿ ಇದೇ ತಂಡ ಅದೇ ರಾಜ್ಯದ ಸೂರತ್‌ನಲ್ಲಿತ್ತು. ಲಾಲಾಭಾಯಿ ಕಂಟ್ರಾಕ್ಟರ್ ಕ್ರೀಡಾಂಗಣ, ಎದುರಾಳಿ ರೈಲ್ವೇಸ್, ಗುರಿ 226. ನಾಯಕ ಮಯಂಕ್ ಅಗರವಾಲ್ ಅಗರ್ತಲಾದಲ್ಲಿ ವಿಮಾನದೊಳಗೆ ಅಸ್ವಸ್ಥರಾಗಿದ್ದರಿಂದ ತಂಡದಲ್ಲಿರಲಿಲ್ಲ. ಒಂದೊಂದೇ ವಿಕೆಟ್ ಉರುಳುತ್ತ ಹೋದರೂ ಮನೀಶ್ ಪಾಂಡೆ ಕದಲಲಿಲ್ಲ. ಅವರು ಔಟಾಗದೆ 67 ಗಳಿಸಿದರು, ಕರ್ನಾಟಕ 1 ವಿಕೆಟ್‌ನಿಂದ ಗೆದ್ದಿತು. ಆ ಋತುವಿನಲ್ಲಿ ಕರ್ನಾಟಕ ಕ್ವಾರ್ಟರ್‌ಫೈನಲ್ ತಲುಪಿತು, ನಾಗಪುರದಲ್ಲಿ ವಿದರ್ಭಕ್ಕೆ 127 ರನ್‌ಗಳಿಂದ ಶರಣಾಯಿತು.

ಲೀಗ್ ಹಂತ ಮುಗಿದು ಎಂಟರ ಘಟ್ಟದ ತಂಡಗಳ ಹೆಸರು ಹೊರಬಿದ್ದ ದಿನ ಕ್ರಿಕೆಟ್ ಬಲ್ಲವರ ನಡುವೆ ಇರುವ ಮಾತು ಒಂದೇ, ಈ ಸಲ ಯಾರು ಎಲ್ಲಿಯವರೆಗೆ ಹೋಗುತ್ತಾರೆ ಎಂಬುದು. ಬಹುತೇಕರು ಕೂಡಲೇ ಅಂಕಪಟ್ಟಿ ಬಿಚ್ಚುತ್ತಾರೆ. ಅಂಕಪಟ್ಟಿಯನ್ನು ನಂಬಬೇಡಿ ಎನ್ನುವುದು ನನ್ನ ವಾದ. ಗುಜರಾತಿನ ಅಹಮದಾಬಾದ್, ಸೂರತ್, ವಡೋದರ ಈ ಮೂರು ಊರುಗಳಲ್ಲಿ 2024 ಮತ್ತು 2025ರಲ್ಲಿ ನಡೆದ ಪಂದ್ಯಗಳಷ್ಟು ಇದಕ್ಕೆ ಒಳ್ಳೆಯ ಪುರಾವೆ ಬೇರೆಲ್ಲೂ ಸಿಗಲಾರದು.

ಹಿಂದೆ ಲೆಕ್ಕ ಸರಳವಿತ್ತು. 1956-57ರವರೆಗೆ ರಣಜಿ ಟ್ರೋಫಿ ಪೂರ್ತಿ ನಾಕೌಟ್, ಸೋತವರು ಮನೆಗೆ. ತಂಡಗಳೂ ಕಡಿಮೆ. ವಿಜಯ್ ಹಜಾರೆ ಮತ್ತು ಗುಲ್ ಮಹಮ್ಮದ್ 1947ರ ಫೈನಲ್‌ನಲ್ಲಿ ಹೋಳ್ಕರ್ ವಿರುದ್ಧ 577 ರನ್ ಜೊತೆಯಾಟ ಆಡಿದ ಬರೋಡ ತಂಡವನ್ನು ನೋಡಿ ಭವಿಷ್ಯ ಹೇಳಲು ಜ್ಯೋತಿಷಿ ಬೇಕಿರಲಿಲ್ಲ. 2018ರಲ್ಲಿ ಬಿಹಾರ, ಉತ್ತರಾಖಂಡ, ಪುದುಚೇರಿ ಮತ್ತು ಈಶಾನ್ಯದ ಆರು ರಾಜ್ಯಗಳು ಒಟ್ಟಿಗೇ ಒಳಬಂದವು. ಮರುವರ್ಷ ಚಂಡೀಗಢ ಸೇರಿ ತಂಡಗಳ ಸಂಖ್ಯೆ 38ಕ್ಕೆ ಏರಿತು. ಬಾಗಿಲು ತೆರೆದದ್ದು ನ್ಯಾಯವೇ. ಅಲ್ಲಿನ ಹುಡುಗರು ಆಡಬೇಕೆಂದರೆ ಬೇರೆ ರಾಜ್ಯಕ್ಕೆ ವಲಸೆ ಹೋಗಬೇಕಿತ್ತು. ಆದರೆ ಗುಂಪಿನ ಪಟ್ಟಿಯನ್ನು ಓದುವ ಕ್ರಮ ಇದರಿಂದ ಬದಲಾಯಿತು. ಏಳು ಪಂದ್ಯಗಳಲ್ಲಿ ಆರು ಗೆದ್ದ ತಂಡ ಯಾರನ್ನು ಗೆದ್ದಿತು ಎಂದು ಈಗ ಕೇಳಲೇಬೇಕು.

2024-25ರ ವಿಜಯ್ ಹಜಾರೆ ಏಕದಿನ ಟೂರ್ನಿಯಲ್ಲಿ ಕರ್ನಾಟಕದ ಗುಂಪಿನ ಪಂದ್ಯಗಳು ಅಹಮದಾಬಾದಿನಲ್ಲಿದ್ದವು. ಅರುಣಾಚಲ, ನಾಗಾಲ್ಯಾಂಡ್, ಪುದುಚೇರಿ ವಿರುದ್ಧದ ಗೆಲುವುಗಳನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ನನ್ನ ಕಣ್ಣಿದ್ದುದು ಡಿಸೆಂಬರ್ 21ರ ಪಂದ್ಯದ ಮೇಲೆ. ಶ್ರೇಯಸ್ ಅಯ್ಯರ್ ಶತಕದೊಂದಿಗೆ ಮುಂಬೈ 382 ಪೇರಿಸಿತ್ತು. ವಿಕೆಟ್ ಕೀಪರ್ ಕೆ.ಎಲ್. ಶ್ರೀಜಿತ್ 101 ಎಸೆತಗಳಲ್ಲಿ ಔಟಾಗದೆ 150 ಹೊಡೆದರು. 22 ಎಸೆತ ಬಾಕಿ ಇರುವಾಗಲೇ ಕರ್ನಾಟಕ ಗುರಿ ಮುಟ್ಟಿತು. ಮತ್ತೊಂದು ಪಂದ್ಯದಲ್ಲಿ ಪಂಜಾಬ್ ವಿರುದ್ಧ ಗೆದ್ದದ್ದು 1 ವಿಕೆಟ್‌ನಿಂದ. ಈ ಎರಡು ಪಂದ್ಯಗಳು ಹೇಳಿದ್ದನ್ನು ಉಳಿದ ಐದೂ ಸೇರಿ ಹೇಳಲಿಲ್ಲ.

ನಾಕೌಟ್ ಹಂತ ವಡೋದರಕ್ಕೆ ಬಂದಾಗ ಇನ್ನೊಂದು ಸಂಗತಿ ನಡೆದಿತ್ತು. ಸಿಡ್ನಿ ಟೆಸ್ಟ್ ಮುಗಿಸಿ ಪ್ರಸಿದ್ಧ ಕೃಷ್ಣ ಮರಳಿದ್ದರು, ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದ ದೇವದತ್ತ ಪಡಿಕ್ಕಲ್ ಕೂಡ. ಲೀಗ್‌ನಲ್ಲಿ ಅಂಕ ಗಳಿಸಿದ ಹನ್ನೊಂದು ಮಂದಿ ಬೇರೆ, ವಡೋದರದಲ್ಲಿ ಕಣಕ್ಕಿಳಿದ ಹನ್ನೊಂದು ಮಂದಿ ಬೇರೆ. ಇದು ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಜನವರಿ 11ರ ಕ್ವಾರ್ಟರ್‌ಫೈನಲ್‌ನಲ್ಲಿ ಆತಿಥೇಯ ಬರೋಡ ವಿರುದ್ಧ ಪಡಿಕ್ಕಲ್ 102 ಬಾರಿಸಿದರು, ಕರ್ನಾಟಕ 281 ಮಾಡಿತು. ಶಾಶ್ವತ್ ರಾವತ್ ಶತಕ ಹೊಡೆದರೂ ಬರೋಡ 276ಕ್ಕೆ ನಿಂತಿತು. ತವರಿನ ನೆಲ, ಗುಂಪಿನ ಅಗ್ರಸ್ಥಾನ, ಕೃಣಾಲ್ ಪಾಂಡ್ಯ ನಾಯಕತ್ವ, ಎಲ್ಲ ಇದ್ದೂ 5 ರನ್ ಸಾಲಲಿಲ್ಲ.

ಇತ್ತ ನೇರವಾಗಿ ಎಂಟರ ಘಟ್ಟ ಸೇರಿದ್ದ ಗುಜರಾತ್ ತಂಡವನ್ನು ಹರಿಯಾಣ 2 ವಿಕೆಟ್‌ಗಳಿಂದ ಮಣಿಸಿತು. ಹರಿಯಾಣವಾದರೋ ಪ್ರಿಕ್ವಾರ್ಟರ್‌ಫೈನಲ್ ಎಂಬ ಹೆಚ್ಚುವರಿ ಪಂದ್ಯ ಆಡಿ, ಬಂಗಾಳವನ್ನು ಸೋಲಿಸಿ ಬಂದಿದ್ದ ತಂಡ. ಅದೇ ದಿನಗಳಲ್ಲಿ ಅಮೆರಿಕದಲ್ಲೂ ಹೀಗೇ ಆಯಿತು. ಅಲ್ಲಿನ ಕಾಲೇಜು ಫುಟ್‌ಬಾಲ್‌ನ ಪ್ಲೇಆಫ್ ಆ ವರ್ಷ ನಾಲ್ಕು ತಂಡಗಳಿಂದ ಹನ್ನೆರಡಕ್ಕೆ ಹಿಗ್ಗಿತ್ತು. ಮೊದಲ ಸುತ್ತು ಆಡದೆ ನೇರವಾಗಿ ಕ್ವಾರ್ಟರ್‌ಫೈನಲ್ ಸೇರಿದ ನಾಲ್ಕೂ ತಂಡಗಳು ಅಲ್ಲೇ ಸೋತವು. ಎಂಟನೇ ಶ್ರೇಯಾಂಕದ ಒಹಾಯೊ ಸ್ಟೇಟ್ ಜನವರಿ 20ರಂದು ಪ್ರಶಸ್ತಿ ಎತ್ತಿತು. ವಿಶ್ರಾಂತಿ ವರವೇ ಎಂಬ ನಂಬಿಕೆಯನ್ನು ನಾವೂ ಸ್ವಲ್ಪ ಸಡಿಲಿಸಬೇಕು. ಸೋತರೆ ಮುಗಿಯಿತು ಎಂಬ ಒತ್ತಡದಲ್ಲಿ ಒಂದು ಪಂದ್ಯ ಆಡಿ ಬಂದವರ ಕೈಕಾಲು ಬೆಚ್ಚಗಿರುತ್ತದೆ.

ಫೈನಲ್ ಜನವರಿ 18ರಂದು ವಡೋದರದ ಕೊಟಂಬಿಯ ಹೊಸ ಕ್ರೀಡಾಂಗಣದಲ್ಲಿ. ಎದುರಿಗೆ ವಿದರ್ಭ, ಅದರ ನಾಯಕ ನಮ್ಮ ಕರುಣ್ ನಾಯರ್. ಕರ್ನಾಟಕಕ್ಕೆ ಎರಡು ರಣಜಿ ಗೆದ್ದುಕೊಟ್ಟ ತಂಡದಲ್ಲಿದ್ದು, ಇಲ್ಲಿ ಜಾಗ ಕಳೆದುಕೊಂಡು ಅತ್ತ ಹೋದವರು. ಆ ಟೂರ್ನಿಯಲ್ಲಿ ಅವರದು 779 ರನ್, ಸರಾಸರಿ 389.50. ಇಡೀ ಟೂರ್ನಿಯಲ್ಲಿ ಔಟಾದದ್ದು ಎರಡೇ ಸಲ. ಒಬ್ಬನೇ ಬ್ಯಾಟರ್ ಇಷ್ಟು ಉರಿಯುತ್ತಿದ್ದರೆ ತಂಡ ಗೆಲ್ಲುತ್ತದೆಂದು ಊಹಿಸುವುದು ಸಹಜ. ಆರ್. ಸ್ಮರಣ್ ಶತಕದಿಂದ ಕರ್ನಾಟಕ 348 ಮಾಡಿತು. ಕರುಣ್ 27ರಲ್ಲಿದ್ದಾಗ ಪ್ರಸಿದ್ಧರ ಎಸೆತ ಸ್ಟಂಪ್‌ಗೆ ಬಡಿಯಿತು. ಲೀಗ್‌ನಲ್ಲಿ ಇಲ್ಲದಿದ್ದ ಬೌಲರ್, ಲೀಗ್ ಪೂರ್ತಿ ಮೆರೆದ ಬ್ಯಾಟರನ್ನು ಕಿತ್ತ. ಧ್ರುವ ಶೋರೆ ಶತಕ ಹೊಡೆದರೂ ವಿದರ್ಭ 36 ರನ್ ಹಿಂದೆ ಉಳಿಯಿತು. ಕರ್ನಾಟಕಕ್ಕೆ ಅದು ಐದನೇ ವಿಜಯ್ ಹಜಾರೆ ಟ್ರೋಫಿ.

ಏಕದಿನದ ಲೆಕ್ಕ ಇದಾದರೆ ರಣಜಿಯ ಲೆಕ್ಕ ಇನ್ನೂ ಸೂಕ್ಷ್ಮ. ಅಲ್ಲಿ ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರು ಮುಂದಕ್ಕೆ. ಹಾಗಾಗಿ ಇಪ್ಪತ್ತು ವಿಕೆಟ್ ಕೀಳಬಲ್ಲ ತಂಡವೇ ದೂರ ಹೋಗಬೇಕೆಂದಿಲ್ಲ. ಎಂಟು, ಒಂಬತ್ತು, ಹತ್ತನೇ ಕ್ರಮಾಂಕದವರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದೇ ನಿರ್ಣಾಯಕ. 2025ರ ಫೆಬ್ರುವರಿಯಲ್ಲಿ ಕೇರಳ ಇದನ್ನು ಎರಡು ಸಲ ತೋರಿಸಿತು. ಕ್ವಾರ್ಟರ್‌ಫೈನಲ್‌ನಲ್ಲಿ ಜಮ್ಮು ಮತ್ತು ಕಾಶ್ಮೀರದ 280ಕ್ಕೆ ಉತ್ತರವಾಗಿ ಸಲ್ಮಾನ್ ನಿಜಾರ್ ಕೊನೆಯ ಜೊತೆಗಾರನನ್ನು ಕಟ್ಟಿಕೊಂಡು 81 ರನ್ ಸೇರಿಸಿ 281 ಮಾಡಿದರು. ಮುನ್ನಡೆ ಒಂದೇ ರನ್.

ಸೆಮಿಫೈನಲ್ ಅಹಮದಾಬಾದಿನಲ್ಲಿ. ಕೇರಳ 187 ಓವರ್ ಆಡಿ 457 ಗಳಿಸಿತು. ಮೊಹಮ್ಮದ್ ಅಜರುದ್ದೀನ್ ಔಟಾಗದೆ 177. ಟಿ.ವಿ. ನೋಡುವವರಿಗೆ ಬೇಸರ ತರಿಸುವ ಬ್ಯಾಟಿಂಗ್ ಅದು, ಆದರೆ ನಾಕೌಟ್‌ಗೆ ಹೇಳಿ ಮಾಡಿಸಿದ್ದು. ಗುಜರಾತ್ ಹಠ ಬಿಡದೆ ಬೆನ್ನಟ್ಟಿ ಕೊನೆಯ ದಿನ ಬೆಳಿಗ್ಗೆ 455ಕ್ಕೆ ತಲುಪಿತು. ಉಳಿದಿದ್ದುದು ಒಂದೇ ವಿಕೆಟ್. ಅರ್ಜನ್ ನಾಗ್ವಾಸ್ವಾಲ ಬಲವಾಗಿ ಬೀಸಿದರು. ಚೆಂಡು ಶಾರ್ಟ್‌ಲೆಗ್‌ನಲ್ಲಿ ಬಾಗಿ ನಿಂತಿದ್ದ ಅದೇ ಸಲ್ಮಾನ್ ನಿಜಾರ್ ಹೆಲ್ಮೆಟ್‌ಗೆ ಬಡಿದು ಮೇಲೆ ಚಿಮ್ಮಿ ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಕೈ ಸೇರಿತು. 2017ಕ್ಕೆ ಮುಂಚೆ ಆಗಿದ್ದರೆ ಅದು ಔಟ್ ಅಲ್ಲ. ಫೀಲ್ಡರ್ ತೊಟ್ಟ ಹೆಲ್ಮೆಟ್‌ಗೆ ತಾಗಿ ಬಂದ ಕ್ಯಾಚ್ ಸಲ್ಲುತ್ತದೆಂದು ನಿಯಮ ಬದಲಾದದ್ದು ಆ ವರ್ಷ. ಎರಡು ರನ್ ಮುನ್ನಡೆಯಲ್ಲಿ ಕೇರಳ ಮೊಟ್ಟಮೊದಲ ಸಲ ರಣಜಿ ಫೈನಲ್‌ಗೆ ಹೋಯಿತು.

ಇದನ್ನು ಅದೃಷ್ಟ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಹೆಲ್ಮೆಟ್ ಅದೃಷ್ಟವಿರಬಹುದು. 187 ಓವರ್ ನಿಂತದ್ದು ಅದೃಷ್ಟವಲ್ಲ. ಲೀಗ್ ಹಂತದಲ್ಲಿ ಕೇರಳದ ಗುಂಪಿನಲ್ಲೇ ಕರ್ನಾಟಕವೂ ಇತ್ತು. ಕೇರಳ ಮತ್ತು ಹರಿಯಾಣ ಮುಂದೆ ಹೋದವು, ನಾವು ಹೊರಬಿದ್ದೆವು. ಆಲೂರಿನಲ್ಲಿ ಕೇರಳದೊಂದಿಗೆ ಆಡಬೇಕಿದ್ದ ಪಂದ್ಯ ಮಳೆಗೆ ಆಹುತಿಯಾಗಿ ತಲಾ ಒಂದು ಅಂಕ ಹಂಚಿಕೆಯಾದದ್ದು ಈಗಲೂ ಚುಚ್ಚುತ್ತದೆ. ಮುನ್ನಡೆಗೆ ಮೂರು ಅಂಕ, ಗೆಲುವಿಗೆ ಆರು ಇರುವ ಪದ್ಧತಿಯಲ್ಲಿ ಒಂದು ಒದ್ದೆ ವಾರ ಇಡೀ ಋತುವನ್ನೇ ನುಂಗಬಲ್ಲದು.

ಗುಜರಾತಿನ ತಂಡಗಳನ್ನೇ ಈ ತಕ್ಕಡಿಯಲ್ಲಿ ತೂಗಿದರೆ, ರಣಜಿಯಲ್ಲಿ ನನ್ನ ಮತ ಬರೋಡಕ್ಕಿಂತ ಮೊದಲು ಗುಜರಾತ್‌ಗೆ. 2016-17ರಲ್ಲಿ ಅದು ಚಾಂಪಿಯನ್ ಆದದ್ದೂ ದೀರ್ಘ ಬ್ಯಾಟಿಂಗ್‌ನಿಂದಲೇ. ಒಡಿಶಾ ವಿರುದ್ಧ ಸಮಿತ್ ಗೋಹೆಲ್ ಆರಂಭಿಕನಾಗಿ ಇಳಿದು ಕೊನೆಯವರೆಗೂ ಔಟಾಗದೆ 359 ಮಾಡಿದರು. ಇಂದೋರ್ ಫೈನಲ್‌ನಲ್ಲಿ ಮುಂಬೈ ಒಡ್ಡಿದ 312ರ ಗುರಿಯನ್ನು ಪಾರ್ಥಿವ್ ಪಟೇಲ್ 143 ಹೊಡೆದು ದಾಟಿಸಿದರು. ಬರೋಡ ಚುಟುಕು ಕ್ರಿಕೆಟ್‌ನಲ್ಲಿ ಹುಲಿ. 2024ರ ಡಿಸೆಂಬರ್‌ನಲ್ಲಿ ಸಿಕ್ಕಿಂ ವಿರುದ್ಧ 20 ಓವರ್‌ಗಳಲ್ಲಿ 349 ಬಾರಿಸಿತ್ತು. ಆದರೆ ಅದರ ಕೊನೆಯ ರಣಜಿ ಕಿರೀಟ 2000-01ರದು. ಸಿಕ್ಕಿಂ ವಿರುದ್ಧದ ಆ ಸಂಖ್ಯೆಗೆ ಮರುಳಾಗಿ ಅದನ್ನು ಐದು ದಿನದ ಪಂದ್ಯಕ್ಕೂ ಮೆಚ್ಚಿನ ತಂಡ ಎನ್ನುವುದು ಅವಸರ.

ಬರೋಡದ ಆ ನಾಯಕ ಕೃಣಾಲ್ ಮಾತ್ರ ಸಣ್ಣ ಅಂತರದ ಪಂದ್ಯವನ್ನು ಹಿಡಿಯುವುದು ಹೇಗೆಂದು ಬಲ್ಲವರು. 2025ರ ಜೂನ್ 3, ಅಹಮದಾಬಾದ್, ಐಪಿಎಲ್ ಫೈನಲ್. 190 ರನ್ ಕಾಯಬೇಕಿದ್ದ ಬೆಂಗಳೂರಿಗೆ ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗಳಲ್ಲಿ 17 ರನ್ ಕೊಟ್ಟು 2 ವಿಕೆಟ್ ತೆಗೆದರು. ಪಂಜಾಬ್ ಸೋತದ್ದು 6 ರನ್‌ಗಳಿಂದ. ಪಂದ್ಯದ ಆಟಗಾರ ಪ್ರಶಸ್ತಿ ಅವರಿಗೇ ಬಂತು. ವಡೋದರದಲ್ಲಿ ಜನವರಿಯಲ್ಲಿ ನಮಗೆ 5 ರನ್ನಿಗೆ ಸೋತ ಅದೇ ಮನುಷ್ಯ ಹದಿನೆಂಟನೇ ಪ್ರಯತ್ನದಲ್ಲಿ ಬೆಂಗಳೂರಿಗೆ ಕಪ್ ತಂದುಕೊಟ್ಟರು.