ನಳಿಗೆಯೊಳಗಿನ ಸುರುಳಿ

ಹದಿನೆಂಟನೆಯ ಶತಮಾನದ ಯುರೋಪಿನ ಸೈನಿಕರು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು, ಎದುರಿನ ಸಾಲಿನ ಮೇಲೆ ಒಟ್ಟಿಗೆ ಗುಂಡು ಹಾರಿಸುತ್ತಿದ್ದರು. ಇಂದು ವಿಚಿತ್ರವೆನಿಸುವ ಈ ಯುದ್ಧಕ್ರಮಕ್ಕೆ ಮುಖ್ಯ ಕಾರಣವೊಂದು ಅವರ ಕೋವಿಯ ನಳಿಗೆಯಲ್ಲಿಯೇ ಅಡಗಿತ್ತು.

ಬ್ರಿಟಿಷ್ ಪದಾತಿಗಳ ಕೈಯಲ್ಲಿದ್ದುದು ‘ಬ್ರೌನ್ ಬೆಸ್’ ಎಂಬ ಮಸ್ಕೆಟ್. ಅದರ ನಳಿಗೆಯ ಒಳಮೈ ನುಣುಪಾದುದು. ವ್ಯಾಸ ಸುಮಾರು 19 ಮಿಲಿಮೀಟರ್. ಸೀಸದ ಗುಂಡಾದರೋ ಅದಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಕಿರಿದು. ಮದ್ದಿನ ಮಸಿ ಒಳಗೆ ಕಟ್ಟಿಕೊಂಡಾಗಲೂ ಗುಂಡು ಸಲೀಸಾಗಿ ಇಳಿಯಲೆಂದು ಈ ಸಡಿಲನ್ನು ಬೇಕೆಂದೇ ಇಡಲಾಗಿತ್ತು. ಆದ್ದರಿಂದ ಪಳಗಿದ ಸೈನಿಕನು ನಿಮಿಷಕ್ಕೆ ಮೂರು ಬಾರಿ ಹಾರಿಸಬಲ್ಲವನಾಗಿದ್ದನು. ಆದರೆ ಸಡಿಲವಾದ ಗುಂಡು ನಳಿಗೆಯ ಗೋಡೆಗೆ ತಾಕುತ್ತ ಹೊರಬಿದ್ದು ಓರೆಯಾಗಿ ಸಾಗುತ್ತಿತ್ತು. ನೂರು ಗಜಗಳಾಚೆ ನಿಂತ ಒಬ್ಬ ಮನುಷ್ಯನಿಗೆ ಅದು ತಗಲುವುದು ಅದೃಷ್ಟದ ಮಾತು. ಒಂದು ಗುಂಡನ್ನು ನಂಬಲಾಗದಿದ್ದುದರಿಂದ ನೂರು ಗುಂಡುಗಳನ್ನು ಒಮ್ಮೆಗೇ ಹಾರಿಸಬೇಕಾಯಿತು.

ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಕಾರದ ತೋಡುಗಳನ್ನು ಕೊರೆದಿರುತ್ತಾರೆ. ಜಿಡ್ಡು ಸವರಿದ ಬಟ್ಟೆಯ ಅಥವಾ ತೊಗಲಿನ ಚೂರಿನಲ್ಲಿ ಸುತ್ತಿದ ಗುಂಡು ಬಿಗಿಯಾಗಿ ಕುಳಿತು, ಸಿಡಿದಾಗ ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ದಾರಿ ತಪ್ಪದೆ ಸಾಗುತ್ತದೆ. 1800ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಬೇಕರ್ ರೈಫಲ್ ನುರಿತವನ ಕೈಯಲ್ಲಿ 200 ಗಜ ದೂರದ ಗುರಿಯನ್ನೂ ಮುಟ್ಟುತ್ತಿತ್ತು. ಆದರೆ ಬಿಗಿಯಾದ ಗುಂಡನ್ನು ನಳಿಗೆಯ ಬಾಯಿಂದ ಬುಡದವರೆಗೆ ಸಲಾಕೆಯಿಂದ ತಳ್ಳುವುದು ನಿಧಾನದ ಕೆಲಸ. ಹೀಗಾಗಿ ಅದು ಆಯ್ದ ಪಡೆಗಳಿಗೆ ಮಾತ್ರ ಮೀಸಲಾಯಿತು.

ವೇಗ, ನಿಖರತೆ ಇವೆರಡನ್ನೂ ಬೆಸೆದವನು ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ. 1849ರ ಅವನ ಗುಂಡಿನ ಮುಂಭಾಗ ಮೊನಚು, ಬುಡ ಟೊಳ್ಳು. ಅದು ಸಡಿಲವಾಗಿಯೇ ಒಳಗಿಳಿಯುತ್ತಿತ್ತು. ಮದ್ದು ಸಿಡಿದಾಗ ಅನಿಲದ ಒತ್ತಡಕ್ಕೆ ಬುಡ ಅರಳಿ ತೋಡುಗಳನ್ನು ಹಿಡಿಯುತ್ತಿತ್ತು.

ಇದೇ ಬಗೆಯ ಗುಂಡನ್ನು ಹಾರಿಸುವ, 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಭಾರತಕ್ಕೂ ಬಂದಿತು. ಗುಂಡು ಜಾರಲೆಂದು ಅದರ ಕಾಗದದ ತೋಟಾಗಳಿಗೆ ಜಿಡ್ಡು ಸವರುತ್ತಿದ್ದರು. ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯುವುದು ವಾಡಿಕೆಯಾಗಿತ್ತು. ಆ ಜಿಡ್ಡು ಹಸು ಹಂದಿಗಳ ಕೊಬ್ಬೆಂಬ ಸುದ್ದಿ ಸಿಪಾಯಿಗಳನ್ನು ಕೆರಳಿಸಿತು. ಬಹುಕಾಲದಿಂದ ಹೊಗೆಯಾಡುತ್ತಿದ್ದ ಅಸಮಾಧಾನ 1857ರ ಸ್ವಾತಂತ್ರ್ಯ ಸಂಗ್ರಾಮವಾಗಿ ಭುಗಿಲೆದ್ದಿತು. ಗುಂಡಿನ ದಾರಿಯನ್ನು ಅಷ್ಟು ಸೂಕ್ಷ್ಮವಾಗಿ ಲೆಕ್ಕಹಾಕಿದವರು ಅದನ್ನು ಹಿಡಿಯುವ ಮನುಷ್ಯನ ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.