ಮಳೆ ಬಂದಾಗ ಡಿಶ್ಶು ಯಾಕೆ ನಿಲ್ಲುತ್ತದೆ?

"ಆಂಟೆನಾ ಇದ್ದಾಗ ಎಂಥ ಮಳೆ ಬಂದರೂ ಚಿತ್ರ ಮಸುಕಾಗಿಯಾದರೂ ಓಡುತ್ತಿತ್ತು. ಈಗ ಡಿಶ್ಶಿನಲ್ಲಿ ಚೌಕ ಚೌಕವಾಗಿ ಒಡೆದು ನಿಂತೇಬಿಡುತ್ತದೆ. ಡಿಜಿಟಲ್ ಅಂದರೆ ಇದೇನಾ?" ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಒಮ್ಮೆಲೇ ನಿಲ್ಲುವುದೇಕೆ ಎನ್ನುವುದು ಒಂದು, ಮಳೆಗೇ ನಿಲ್ಲುವುದೇಕೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಅವರ ಊರಿನ ಬಂಡೆಯ ಮೇಲೇ ಇದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ: ಹತ್ತಿರ ಹತ್ತಿರದ ಈ ಮೂರು ಕಡೆ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಒಂದೇ ಆಜ್ಞೆಯ ಮೂರು ಪ್ರತಿಗಳು ಅವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಲಿಪಿಕಾರ ಚಪಡ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಬಿಸಿಲು ಮಳೆ ತಿಂದಮೇಲೂ ಅವನ್ನು ಓದಲಾಗುತ್ತಿದೆ. ಹೇಗೆ? ಬ್ರಾಹ್ಮಿಯ 'ಕ' ಅಕ್ಷರ ನಮ್ಮ ಕೂಡಿಸುವ ಚಿಹ್ನೆಯಂತಿರುತ್ತದೆ. ಅದರ ಒಂದು ತೋಳು ಅರ್ಧ ಸವೆದಿದ್ದರೂ ಓದುವವನು 'ಅರ್ಧ ಕ' ಎನ್ನುವುದಿಲ್ಲ, 'ಕ' ಎಂದೇ ಓದುತ್ತಾನೆ. ಸವೆತ ಅಲ್ಲಿಗೆ ಲೆಕ್ಕಕ್ಕಿಲ್ಲ. ಅಕ್ಷರದ ಬದಲು ಅಲ್ಲೊಂದು ನವಿರಾದ ಉಬ್ಬುಚಿತ್ರ ಇದ್ದಿದ್ದರೆ, ಕೆನ್ನೆಯ ತಗ್ಗು ಶಿಲ್ಪಿ ಕೆತ್ತಿದ್ದೋ ಮಳೆ ಕೊರೆದದ್ದೋ ಹೇಳಲು ಬರುತ್ತಿರಲಿಲ್ಲ.

ಹಳೆಯ ಅನಲಾಗ್ ಪ್ರಸಾರ ಆ ಉಬ್ಬುಚಿತ್ರ. ಕ್ಯಾಮೆರಾ ಕಂಡ ಬೆಳಕಿನ ಏರಿಳಿತವೇ ಅಲೆಯ ಏರಿಳಿತವಾಗಿ ಟವರಿನಿಂದ ಹೊರಡುತ್ತಿತ್ತು. ದಾರಿಯಲ್ಲಿ ಸೇರಿದ ಗದ್ದಲವೂ ಏರಿಳಿತವೇ. ಅದನ್ನು ಬೇರ್ಪಡಿಸುವ ಉಪಾಯ ಟಿವಿಗೆ ಇರಲಿಲ್ಲ, ಪರದೆಯ ಮೇಲೆ ಚುಕ್ಕೆಗಳು ಸುರಿಯುತ್ತಿದ್ದವು. ಡಿಜಿಟಲ್‌ನಲ್ಲಿ ಬರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರಗಳ ಬರಹ. ಸವೆದಿದ್ದರೂ ಯಾವ ಅಕ್ಷರವೆಂದು ಗುರುತು ಸಿಕ್ಕರೆ ಚಿತ್ರ ಸ್ಟುಡಿಯೋದಿಂದ ಹೊರಟಂತೆಯೇ ಮೂಡುತ್ತದೆ.

ಕೆಲವು ಅಕ್ಷರ ಪೂರ್ತಿ ಅಳಿದುಹೋದರೆ? ಜಟಿಂಗ ರಾಮೇಶ್ವರದ ಪ್ರತಿ ಬಹಳ ಸವೆದಿದೆ, ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದೆ. ಬ್ರಹ್ಮಗಿರಿಯದನ್ನು ನೋಡಿ ಸವೆದದ್ದನ್ನು ತುಂಬಿಕೊಳ್ಳಬಹುದು. ಇರವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಇದೇ ಕೆಲಸವನ್ನು ಮೂರು ಪ್ರತಿಯ ಖರ್ಚಿಲ್ಲದೆ ಮಾಡುವ ಗಣಿತ ಕಂಡುಕೊಂಡರು. ಮೊದಲ ತಲೆಮಾರಿನ ಡಿಜಿಟಲ್ ಉಪಗ್ರಹ ಟಿವಿಯಲ್ಲಿ 188 ಬೈಟ್‌ಗಳ ಪ್ರತಿ ಕಟ್ಟಿಗೆ 16 ಬೈಟ್ ಹೆಚ್ಚಿಗೆ ಸೇರಿಸುತ್ತಾರೆ. ಕಟ್ಟಿನಲ್ಲಿ ಎಲ್ಲೇ 8 ಬೈಟ್ ಹಾಳಾದರೂ ಸೆಟ್‌ಟಾಪ್ ಬಾಕ್ಸ್ ತಾನೇ ಲೆಕ್ಕಹಾಕಿ ಸರಿಪಡಿಸಿಕೊಳ್ಳುತ್ತದೆ. ನೋಡುತ್ತಿರುವವರಿಗೆ ಸುಳಿವೂ ಸಿಗುವುದಿಲ್ಲ. ಒಂಬತ್ತನೆಯದೂ ಹಾಳಾಯಿತೋ, ಆ ಕಟ್ಟು ಕೈತಪ್ಪಿತು. ಒಮ್ಮೆಲೇ ನಿಲ್ಲುವುದರ ಗುಟ್ಟು ಇದು.

ಕಟ್ಟು ಕೈತಪ್ಪಿದಾಗ ಪರದೆಯಲ್ಲಿ ಕಾಣುವ ಆ ಚೌಕಗಳ ಹಿಂದೆ ಇರುವವರು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್, ಇಂದಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಚಿತ್ರದ ತುಣುಕನ್ನು ಕೆಲವೇ ಸಂಖ್ಯೆಗಳಲ್ಲಿ ಹಿಡಿದಿಡುವ ಅವರ ಯೋಜನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1972ರಲ್ಲಿ ಹಣ ಕೊಡಲಿಲ್ಲ, ತೀರಾ ಸರಳವಾಯಿತು ಎಂದಿತು. ಅವರು ಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಜೊತೆ 1974ರಲ್ಲಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಪ್ರಕಟಿಸಿದರು. ಡಿಜಿಟಲ್ ಟಿವಿ ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಾಗಿ ಒಡೆದು ಕುಗ್ಗಿಸಿದ್ದು ಈ ಸೂತ್ರದಿಂದಲೇ. ಒಂದು ಅನಲಾಗ್ ಚಾನೆಲ್ಲಿನ ಜಾಗದಲ್ಲಿ ಹಲವು ಚಾನೆಲ್ ಹಿಡಿಸಿದ್ದೂ ಹೀಗೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಹೆಸರು ಇರಲೇಬೇಕು.

ಇನ್ನು ಮಳೆಯ ಮಾತು. ಇದರಲ್ಲಿ ಡಿಜಿಟಲ್‌ನ ತಪ್ಪೇನೂ ಇಲ್ಲ. ಟವರಿನಿಂದ ಬರುತ್ತಿದ್ದ ಅಲೆಗಳ ಉದ್ದ ಮೀಟರುಗಳಲ್ಲಿತ್ತು. ಮಳೆಹನಿ ಅವುಗಳಿಗೆ ಅಡ್ಡಿಯೇ ಅಲ್ಲ. ಡಿಶ್ಶಿಗೆ ಬರುವ ಅಲೆ ಸುಮಾರು ಎರಡೂವರೆ ಸೆಂಟಿಮೀಟರಿನದು. ಜೋರು ಮಳೆಯ ಹನಿಗಳು ಅದನ್ನು ಹೀರಿ ಚದುರಿಸುತ್ತವೆ. ಬ್ರಿಟನ್ 2012ರಲ್ಲಿ ಅನಲಾಗ್ ನಿಲ್ಲಿಸಿದಾಗ ಅದೇ ಟವರುಗಳಿಂದ ಡಿಜಿಟಲ್ ಪ್ರಸಾರ ಕೊಟ್ಟಿತು. ಅಲ್ಲಿ ಹಳೆಯ ಆಂಟೆನಾವೇ ಬಹಳ ಮನೆಗಳಿಗೆ ಸಾಕಾಯಿತು. ನಮ್ಮಲ್ಲಿ ಪ್ರಸಾರ ಭಾರತಿ 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಟವರಿನ ಡಿಜಿಟಲ್ ಆರಂಭಿಸಿತು, ಹಳ್ಳಿಗಳ ತನಕ ಅದು ಬರಲೇ ಇಲ್ಲ. ಉಳಿದಿದ್ದ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು, ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು, 2022ರ ಮಾರ್ಚ್ ಒಳಗೆ ಮುಚ್ಚುವ ತೀರ್ಮಾನವಾಯಿತು. ಹಳ್ಳಿಗೆ ಡಿಜಿಟಲ್ ಬಂದದ್ದು ಕೇಬಲ್ಲಿನಿಂದ, ಇಲ್ಲವೇ ಡಿಶ್ಶಿನಿಂದ. ದೂರದರ್ಶನದ ತಿಂಗಳ ಬಾಡಿಗೆಯಿಲ್ಲದ ಡಿಶ್ಶು 2004ರಲ್ಲಿ ಶುರುವಾಯಿತು. ಚಂದನ ಮೊದಲಾಗಿ ಹತ್ತಾರು ಚಾನೆಲ್ಲು ಬಡವರ ಮನೆಗೆ ತಂದ ಆ ಸೇವೆ ದೊಡ್ಡದು. ಆದರೂ ಜಿಲ್ಲೆಗೊಂದು ಡಿಜಿಟಲ್ ಟವರು ಇರಬೇಕಿತ್ತು. ಚಂಡಮಾರುತವೋ ನೆರೆಯೋ ಬಂದ ದಿನವೇ ಸುದ್ದಿ ಹೆಚ್ಚು ಬೇಕು, ಡಿಶ್ಶು ಕೈಕೊಡುವುದೂ ಅವತ್ತೇ. ಈಗ ಮೊಬೈಲಿಗೆ ನೇರ ಟಿವಿ ಪ್ರಸಾರದ ಮಾತು ಜೋರಾಗಿದೆ. ಅದಕ್ಕೂ ಟವರು ಬೇಕು, ಹೊಸ ಚಿಪ್ಪಿರುವ ಫೋನೂ ಬೇಕು. ಹಳ್ಳಿಗೆ ಟವರು ನಿಲ್ಲುವವರೆಗೆ ನಾನದನ್ನು ನಂಬುವುದಿಲ್ಲ.

ಪ್ರಶ್ನೆ ಕೇಳಿದವರು ಸದ್ಯಕ್ಕೆ ಇಷ್ಟು ಮಾಡಬಹುದು. ಬಿಸಿಲಿರುವ ದಿನ ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ನೋಡಿ, ಅದು ಗರಿಷ್ಠವಾಗುವವರೆಗೆ ಡಿಶ್ಶನ್ನು ಕೂದಲೆಳೆಯಷ್ಟೇ ತಿರುಗಿಸಿ, ನಟ್ಟು ಬಿಗಿ ಮಾಡಿ. ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿಗೆ ಕೇಬಲ್ ಸೇರುವ ಜಾಗಕ್ಕೆ ನೀರಿಳಿಯದಂತೆ ಟೇಪು ಸುತ್ತಿ. ಸಾಧಾರಣ ಮಳೆಗೆ ಚಿತ್ರ ನಿಲ್ಲುವುದು ಕಡಿಮೆಯಾಗುತ್ತದೆ.